ಒಂಬತ್ತು ದಿನದ ಮೌನ

ಸ್ಪ್ರೂಸ್ ಹಿಲ್ ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಾನು ದುಡಿಯಲು ಶುರುಮಾಡಿ ಹದಿನಾರು ವರ್ಷವಾಯಿತು. ಅದರಲ್ಲಿ ಹದಿನೈದು ವರ್ಷ ವರ್ನಾ ಥೀಸನ್ ಅವರೇ ನಮ್ಮ ನಿರ್ದೇಶಕಿ. ಮ್ಯಾನಿಟೋಬಾದ ನಮ್ಮ ಪುಟ್ಟ ಊರಿನಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಹೆದರಿಕೆಯಿಂದಲ್ಲ, ಕೆಲಸದವರು ಸಾಲದ ದಿನ ತಾವೇ ಏಪ್ರನ್ ಕಟ್ಟಿಕೊಂಡು ಮುದುಕರಿಗೆ ಊಟ ಮಾಡಿಸುತ್ತಿದ್ದ ಹೆಂಗಸು ಅವರು.

ಅಡುಗೆಮನೆ ಪಕ್ಕದ ಹಿಂಬಾಗಿಲಿಗೆ ಒಂದು ಅಲಾರಂ ಇತ್ತು, ಮರೆವಿನ ಕಾಯಿಲೆಯವರು ಯಾರಾದರೂ ಹೊರಗೆ ಹೋದರೆ ಗೊತ್ತಾಗಲಿ ಎಂದು. ಆದರೆ ತರಕಾರಿ ಬಂದರೂ ಅದು ಕಿರುಚುತ್ತಿತ್ತು, ಹಾಲು ಬಂದರೂ ಕಿರುಚುತ್ತಿತ್ತು. ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದವಳು ನಾನೇ. ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಗೊಣಗಾಟ ಕೇಳಿ ವರ್ನಾ ಹಣೆ ಒತ್ತಿಕೊಳ್ಳುತ್ತ ಬಂದರು. ಮುದುಕರ ಆರೈಕೆ ಮಾಡುವ ಲಿಗಾಯಾ ಅಲ್ಲೇ ಇದ್ದಳು.

"ಹಗಲು ಹೊತ್ತು ಅದನ್ನ ಆಫ್ ಮಾಡಿಬಿಡು ಮಾರಾಯ್ತಿ, ತಲೆ ಸಿಡೀತಿದೆ," ಅಂದರು ಅವಳಿಗೆ.

"ಏನಾದ್ರೂ ಆದ್ರೆ?"

"ಆದ್ರೆ ನಾನಿದೀನಲ್ಲ."

ಅಂದಿನಿಂದ ಲಿಗಾಯಾ ದಿನಾ ಬೆಳಿಗ್ಗೆ ಅಲಾರಮ್ಮಿನ ಕೀಲಿ ತೆಗೆದುಕೊಂಡು, ಕೀಲಿಯ ಪುಸ್ತಕದಲ್ಲಿ ಸಹಿ ಹಾಕಿ, ಅದನ್ನು ಆಫ್ ಮಾಡುತ್ತಿದ್ದಳು. ಫಿಲಿಪ್ಪೀನ್ಸಿನಿಂದ ಬಂದು ಅವಳಿಗೆ ಆರು ವರ್ಷವಾಗಿತ್ತು. ಸಹಿ ಮಾಡದೆ ಒಂದು ಟವೆಲನ್ನೂ ಮುಟ್ಟುವವಳಲ್ಲ.

ಜನವರಿಯಲ್ಲಿ, ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿಳಿದ ಒಂದು ಮಧ್ಯಾಹ್ನ, ಓರೆಸ್ಟ್ ಎಂಬ ಮುದುಕರು ಮನೆಯೊಳಗಿನ ಚಪ್ಪಲಿಯಲ್ಲೇ ಆ ಬಾಗಿಲಿನಿಂದ ಹೊರಟುಹೋದರು. ಅರ್ಧ ಗಂಟೆಯ ಮೇಲೆ ಕಸದ ಡಬ್ಬಿಗಳ ಹಿಂದೆ ಸಿಕ್ಕರು. ಜೀವ ಉಳಿಯಿತು. ಬಲಗಾಲಿನ ಮೂರು ಬೆರಳು ಉಳಿಯಲಿಲ್ಲ.

ಮರುದಿನ ಆಡಳಿತ ಮಂಡಳಿಯ ಅಧ್ಯಕ್ಷ ಕ್ಲಿಫರ್ಡ್ ಪೆನರ್ ಕೀಲಿಯ ಪುಸ್ತಕ ತೆರೆದು ಕೂತ. ಪುಟದ ತುಂಬ ಒಂದೇ ಸಹಿ. ನಾನು ಕಾಫಿ ಇಡಲು ಒಳಗೆ ಹೋದಾಗ ಲಿಗಾಯಾ ಹೇಳುತ್ತಿದ್ದಳು, "ವರ್ನಾ ಹೇಳಿದ್ರು, ಅದಕ್ಕೇ ಮಾಡಿದೆ."

ಕ್ಲಿಫರ್ಡ್ ವರ್ನಾ ಕಡೆ ತಿರುಗಿದ.

"ನನಗೆ... ಹಾಗೆ ಹೇಳಿದ ನೆನಪಿಲ್ಲ," ಅಂದರು ವರ್ನಾ.

ನಾನು ಟ್ರೇ ಇಟ್ಟು ಹೊರಗೆ ಬಂದೆ. ಅಂದು ಸಂಜೆಯೇ ಲಿಗಾಯಾಳನ್ನು ಅಮಾನತು ಮಾಡಿ ಮನೆಗೆ ಕಳಿಸಿದರು.

ಆಮೇಲಿನ ದಿನಗಳಲ್ಲಿ ವರ್ನಾ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ನಾನೂ ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ. ಎಂಟನೆಯ ದಿನ ತಡೆಯಲಾಗದೆ ಅವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದೆ.

"ಆವತ್ತು ನಾನೂ ಅಲ್ಲೇ ಇದ್ದೆ, ವರ್ನಾ."

"ಗೊತ್ತು, ಡೋರೀನ್."

"ನೆನಪಿಲ್ಲ ಅಂದ್ರಲ್ಲ."

"ಬಾಯಿಗೆ ಅದೇ ಬಂತು. ಇವತ್ತು ಹೇಳ್ಬಿಡಬೇಕು ಅಂತ ದಿನಾ ಬರ್ತೀನಿ, ಹೇಳದೇನೇ ಮನೆಗೆ ಹೋಗ್ತೀನಿ." ಆಮೇಲೆ ಕೇಳಿದರು, "ನೀನ್ಯಾಕೆ ಇಷ್ಟು ದಿನ ಸುಮ್ನಿದ್ದೆ?"

"ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ."

"ಸುಳ್ಳು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಸುಳ್ಳೇ. ಅಲಾರಂ ಬೇಡವೆಂದು ಗೋಳಾಡಿದವಳು ಯಾರು ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು.

ಮರುದಿನ ಓರೆಸ್ಟ್ ಅವರ ಮಗಳು ಹಲೀನಾ ಬಂದಳು. ಊಟದ ಕೋಣೆಯಲ್ಲಿ ಸಭೆ.

"ತಪ್ಪು ಮಾಡಿದವರ ಮೇಲೆ ಕ್ರಮ ತಗೊಂಡಿದೀವಿ," ಎಂದು ಕ್ಲಿಫರ್ಡ್ ಶುರುಮಾಡಿದ.

"ನಿಮ್ಮ ಕ್ರಮ ನಿಮ್ಮ ಹತ್ರಾನೇ ಇರ್ಲಿ. ಏನಾಯ್ತು ಅಂತ ಹೇಳಿ."

ವರ್ನಾ ಎದ್ದು ನಿಂತರು. "ಅಲಾರಂ ಆಫ್ ಮಾಡು ಅಂದವಳು ನಾನು, ಹಲೀನಾ. ಕೇಳಿದಾಗ ನೆನಪಿಲ್ಲ ಅಂದೆ. ನೆನಪಿತ್ತು."

"ವರ್ನಾ, ವಕೀಲರು ಏನು ಹೇಳಿದ್ರು ಅಂದ್ರೆ..."

"ಕೇಳಿಸ್ಕೊಂಡಿದೀನಿ ಕ್ಲಿಫ್. ನೀನು ಸ್ವಲ್ಪ ಕೂತ್ಕೋ."

ಹಲೀನಾ ವರ್ನಾ ಕಡೆ ತಿರುಗಿದಳು. "ಒಂಬತ್ತು ದಿನದಿಂದ ಆ ಹೆಣ್ಣುಮಗಳನ್ನ ಬಾಯಿಗೆ ಬಂದಂಗೆ ಬೈತಿದೀನಿ. ಈಗ ಅವಳಿಗೆ ಹೆಂಗೆ ಮುಖ ತೋರಿಸ್ಲಿ?"

"ಆಫ್ ಮಾಡು ಅಂತ ವರ್ನಾ ಅಂದಿದ್ದನ್ನ ನಾನೂ ಕೇಳಿಸ್ಕೊಂಡಿದ್ದೆ," ಎಂದೆ, ಗೋಡೆಗೊರಗಿ ನಿಂತಿದ್ದ ನಾನು. ಅಷ್ಟು ಹೊತ್ತಿಗೆ ಆ ಮಾತು ಯಾರಿಗೂ ಬೇಕಿರಲಿಲ್ಲ.

ಅದೇ ಮಧ್ಯಾಹ್ನ ವರ್ನಾ ನನ್ನನ್ನೂ ಕರೆದುಕೊಂಡು ಲಿಗಾಯಾ ಮನೆಗೆ ಹೋದರು. ಅವಳು ನಮ್ಮನ್ನು ಒಳಗೆ ಬಿಟ್ಟಳು, ಕೂರಿ ಅನ್ನಲಿಲ್ಲ. ವರ್ನಾ ನಿಂತೇ ಎಲ್ಲ ಹೇಳಿ ಕ್ಷಮೆ ಕೇಳಿದರು.

"ತಲೆನೋವು ಯಾರಿಗಾದ್ರೂ ಬರುತ್ತೆ. ಆಫ್ ಮಾಡು ಅಂದ್ರಿ, ಮಾಡಿದೆ, ಅದರಲ್ಲಿ ನನ್ನದೂ ತಪ್ಪಿದೆ," ಅಂದಳು ಲಿಗಾಯಾ. "ಆದ್ರೆ ನನ್ನ ಮುಖ ನೋಡ್ಕೊಂಡೇ ನೆನಪಿಲ್ಲ ಅಂದ್ರಲ್ಲ, ಅದಕ್ಕೆ ನನಗೆ ಟೈಮ್ ಬೇಕು."

"ಎಷ್ಟು ಬೇಕೋ ತಗೋ."

"ನಿಮ್ಮ ಪರ್ಮಿಷನ್ ಕೇಳ್ಲಿಲ್ಲ ನಾನು."

ಆ ವಾರವೇ ಮಂಡಳಿ ಅವಳಿಗೆ ಕ್ಷಮಾಪಣೆಯ ಪತ್ರ ಬರೆದು ಕೆಲಸಕ್ಕೆ ಕರೆಯಿತು. ವರ್ನಾ ಯಾರೂ ಕೇಳುವ ಮೊದಲೇ ರಾಜೀನಾಮೆ ಕೊಟ್ಟರು. ವಿಚಾರಣೆ ನಡೆದು, ಮೂರು ವರ್ಷ ಯಾವ ಸಂಸ್ಥೆಯನ್ನೂ ನಡೆಸಕೂಡದೆಂದಾಯಿತು. ಈಗ ಬೇರೆ ಊರಿನ ಆಸ್ಪತ್ರೆಯಲ್ಲಿ ಸಾಮಾನ್ಯ ನರ್ಸು. ವಸಂತದಲ್ಲಿ ನೋಡಲು ಹೋಗಿದ್ದೆ. "ಇಲ್ಲಿ ನಾನೇನಾದ್ರೂ ಹೇಳಿದ್ರೆ ಯಾಕೆ, ಏನು ಅಂತ ಹತ್ತು ಸಲ ಕೇಳ್ತಾರೆ. ಅಲ್ಲಿ ಯಾರೂ ಕೇಳ್ತಿರಲಿಲ್ಲ ನೋಡು, ಅದು ನನಗೆ ಒಳ್ಳೇದಾಗ್ಲಿಲ್ಲ," ಅಂದರು.

ಸ್ಪ್ರೂಸ್ ಹಿಲ್‌ಗೆ ಬಂದ ಹೊಸ ನಿರ್ದೇಶಕರು ಒಮ್ಮೆ ನಡೆಯುತ್ತಲೇ ಲಿಗಾಯಾಗೆ ಏನೋ ಹೇಳಿದರು. "ಬರೆದು ಕೊಡಿ," ಅಂದಳು. ಅವರು ನಕ್ಕರು. ಅವಳು ನಗಲಿಲ್ಲ. ಬರೆದುಕೊಟ್ಟರು.

ನನ್ನ ಜೊತೆ ಅವಳು ಚೆನ್ನಾಗಿಯೇ ಇದ್ದಾಳೆ, ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಾಳೆ. ಒಂದು ದಿನ ಧೈರ್ಯ ಮಾಡಿ, "ಲಿಗಾಯಾ, ಆಗ ನಾನು..." ಎಂದು ಬಾಯಿ ತೆರೆದೆ.

"ಮೂರು ದಿನ ನಿನ್ನ ಫೋನಿಗೆ ಕಾದೆ, ಡೋರೀನ್," ಅಂದಳು. "ಆಮೇಲೆ ಬಿಟ್ಟೆ."

ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು, ಓರೆಸ್ಟ್ ಅವರ ಕೋಣೆಯತ್ತ ಹೋದಳು.