ಅಂಬರಾಯನ ಕಾರಿನ ಟಕಟಕ

ಯುಗಾದಿ ಕಳೆದು ಬಿಸಿಲು ಬಲಿತಿತ್ತು. ವಾಡಿಯ ಮನೆ ಮನೆಯ ಅಂಗಳದಲ್ಲೂ ಶಾವಿಗೆ, ಸಂಡಿಗೆ, ಹಪ್ಪಳ. ಭೀಮಬಾಯಿಯೂ ಬೆಳಗಿನಿಂದ ಹೊರಸು ಮಂಚದ ಅಂಚಿಗೆ ಶಾವಿಗೆಯ ಕೈಮಷೀನು ಬಿಗಿದುಕೊಂಡು ಕೂತಿದ್ದಳು. ಇಳಿದ ಎಳೆಗಳನ್ನು ಕೋಲಿಗೆ ಹಾಕಿ, ಸಿಮೆಂಟ್ ಕಾರ್ಖಾನೆಯ ಧೂಳು ಕೂರದಂತೆ ಮೇಲೊಂದು ಹಳೆಯ ಸೀರೆ ಹೊದಿಸುತ್ತಿದ್ದಳು. ಅಂಗಳದಲ್ಲಿ ಅರ್ಧ ಅವಳದು. ಇನ್ನರ್ಧ ಅವಳ ಗಂಡ ಅಂಬರಾಯನ ಬಿಳಿ ಅಂಬಾಸಿಡರ್ ಕಾರಿನದು. ಕಾರು ಜ್ಯಾಕು ಮತ್ತು ಫರ್ಸಿಕಲ್ಲುಗಳ ಒಟ್ಟಿಲ ಮೇಲೆ ಹಿಂಬದಿ ಎತ್ತಿಕೊಂಡು ನಿಂತಿತ್ತು. ಅದರಡಿಯಿಂದ ಅಂಬರಾಯನ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು.

"ಏನ್ರಿ ಕಾಲಪ್ಪನವರೇ," ಭೀಮಬಾಯಿ ಕರೆದಳು. "ಚಾ ಆರ್ಲಿಕತ್ತದ. ಕುಡಿಯೋ ಬಾಯಿ ಎಲ್ಲಿಟ್ಟೀರಿ?"

ಅಂಬರಾಯ ವಾಡಿ ಜಂಕ್ಷನ್ನಿನಲ್ಲಿ ಗಾಲಿ ಬಡಿಯುವ ಕೆಲಸದಲ್ಲಿದ್ದವನು. ರೈಲು ಬಂದು ನಿಂತಾಗ ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದೇ ಗಾಲಿ ಬಡಿದು, ನಾದ ಕೇಳಿಯೇ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದ. ನಿವೃತ್ತನಾದ ಮೇಲೆ ಹರಾಜಿನಲ್ಲಿ ಈ ಹಳೆಯ ಕಾರು ಕೊಂಡದ್ದು ಒಂದು ಹಳೆಯ ಮಾತಿಗಾಗಿ. ಮದುವೆಯಾಗಿ ಹೆಂಡತಿಯನ್ನು ಅವಳ ತವರೂರು ಕೊಡ್ಲಿಯಿಂದ ಕರೆತರುವಾಗ ಬಾಡಿಗೆ ಜೀಪು ಕಾಳಗಿಯ ಹತ್ತಿರ ಕೆಟ್ಟು ನಿಂತು, ಮದುಮಗಳು ತೊಗರಿ ಚೀಲದ ಲಾರಿಯ ಮೇಲೆ ಕೂತು ಗಂಡನ ಮನೆಗೆ ಬಂದಿದ್ದಳು. ಅವಳ ಅಳು ನೋಡಲಾಗದೆ ಅವನು ಅಂದಿದ್ದ: "ಅಳಬ್ಯಾಡ. ಒಂದಿನ ನಂದೇ ಕಾರಿನಾಗ ನಿನ್ನ ತವರುಮನಿ ಬಾಗಿಲ ತನಕ ಕರಕೊಂಡು ಹೋಗ್ತೀನಿ."

ಆ ದಿನ ನಾಳೆಯೇ. ಕೊಡ್ಲಿಯಲ್ಲಿ ಅವಳ ತಮ್ಮ ಭಾಗಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಆದರೆ ಕೆಲವು ದಿನಗಳಿಂದ ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಹಿಂಬದಿಯಿಂದ ಟಕ್, ಟಕ್ ಎಂದು ಬಡಿತ. ಭೀಮಬಾಯಿ ಒಮ್ಮೆ ಕೇಳಿ ಇಳಿದವಳು ಮತ್ತೆ ಹತ್ತಿರಲಿಲ್ಲ.

"ಡಿಕ್ಕಿಯಾಗ ಯಾರನ್ನೋ ಕೂಡಿ ಹಾಕಿದಂಗ ಬಡೀತದ," ಅಂದಿದ್ದಳು. "ತವರಿಗಿ ಹೋಗಿ ಇಳದ್ರ ಮಂದಿ ಮೊದ್ಲ ಡಿಕ್ಕಿ ತೆಗೀರಿ ಅಂತಾರ. ನಾ ಬಸ್ಸಿಗಿ ಹೋಗ್ತೀನಿ."

ಅಂಬರಾಯ ಗಾಲಿಗೆ ಆನಿಸಲೆಂದು ಡಿಕ್ಕಿಯಲ್ಲಿಟ್ಟಿದ್ದ ಕಲ್ಲು ತೆಗೆದು ನೋಡಿದ, ಸದ್ದು ಹೋಗಲಿಲ್ಲ. ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಬೋಲ್ಟು ಬಿಗಿದ, ಹೋಗಲಿಲ್ಲ. ಈಗ ಎರಡೂ ಗಾಲಿ ಕಳಚಿ, ಗಾಲಿಯೊಂದಿಗೆ ತಿರುಗುವ ಬ್ರೇಕಿನ ಡ್ರಮ್ಮುಗಳನ್ನು ಹೊರಗೆಳೆದು, ರೈಲ್ವೆಯ ಹಳೆಯ ಸುತ್ತಿಗೆಯಿಂದ ಬಡಿದ. ಗುಡಿಯ ಗಂಟೆಯ ಹಾಗೆ ನಾದ ಬಂತು.

"ಬಿರುಕಿಲ್ಲ," ಅಂದ.

"ಖಾತ್ರಿ ಏನ್ರಿ?"

"ರೈಲ್ವೆಯವ್ರು ನಂಬಿದ ಕಿವಿ ಇದು."

"ಹೌದ್ರಿ. ನಿನ್ನಿ ಹಾಲು ತರ್ರಿ ಅಂತ ಒದರಿದ್ರ ಇದೇ ಕಿವಿಗಿ ಕೇಳ್ಸಿರಲಿಲ್ಲ. ಕೈ ತೊಳಕೊಂಡು ಬಂದು ಜರ ಈ ಹಿಡಿಕಿ ತಿರುವ್ರಿ. ಇದರೆ ಸದ್ದಿಲ್ದೆ ತಿರಗ್ತದ."

ಅಂಬರಾಯ ಮೋರೆ ಸಣ್ಣ ಮಾಡಿಕೊಂಡು ಬಂದು ಕೂತ. ಅವಳು ಹಿಟ್ಟಿನ ಉಂಡೆ ಹಾಕುವಳು, ಅವನು ಹಿಡಿಕೆ ತಿರುವುವನು. ಮಷೀನಿನ ಹೊಟ್ಟೆಯಲ್ಲಿ ತಿರುಪಿನಂಥ ಸುರುಳಿ ತಿರುಗಿದಂತೆಲ್ಲ ಹಿಟ್ಟು ಯಾರೂ ದೂಡದೆ ತಾನೇ ಮುಂದೆ ಮುಂದೆ ಸರಿದು ಹೋಗುತ್ತಿತ್ತು. ನೋಡುತ್ತ ನೋಡುತ್ತ ಅವನ ಕೈ ನಿಂತಿತು.

"ಯಾಕ, ಇದೂ ಕೆಟ್ಟಿತೇನು?"

ಅವನು ಎದ್ದು ಹೋಗಿ ಒಂದು ಡ್ರಮ್ಮನ್ನು ಎತ್ತಿಕೊಂಡು ಬಂದ. ಸದ್ದು ಶುರುವಾಗುವ ತುಸು ಮೊದಲು, ಆ ಡ್ರಮ್ಮುಗಳ ಒಳಮೈ ಸವೆದಿತ್ತೆಂದು ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಕೊಡ್ಲಿಗೆ ಒಯ್ದಿದ್ದ. ಅಲ್ಲಿ ಭಾಗಣ್ಣನದೊಂದು ಕಬ್ಬಿಣ ಕೆತ್ತುವ ಲೇತ್ ಮಷೀನು; ಊರ ಟ್ರ್ಯಾಕ್ಟರುಗಳ ಕೆಲಸ. ಮಾಮನ ಕೆಲಸವೆಂದು ಭಾಗಣ್ಣ ಬಂದ ಗಿರಾಕಿಗಳನ್ನು ನಿಲ್ಲಿಸಿ, ಅವಸರದಲ್ಲಿ ಒಳಮೈ ಕೆತ್ತಿ, ಫಳಫಳ ಮಾಡಿ ಕೊಟ್ಟಿದ್ದ. ನನ್ನ ತಮ್ಮನ ಕೈ ನೋಡ್ರಿ ಎಂದು ಭೀಮಬಾಯಿ ಓಣಿಗೆಲ್ಲ ತೋರಿಸಿದ್ದಳು.

"ಭೀಮಾ, ಈ ಮೊಳಿ ಹಿಡಿ. ತುದಿ ಒಳಗ ತಾಗಿಸು. ಒತ್ತಬ್ಯಾಡ."

ಅವಳು ಹಿಡಿದಳು. ಅವನು ಡ್ರಮ್ಮನ್ನು ಮೆಲ್ಲಗೆ ತಿರುಗಿಸಿದ. ಒಳಬದಿಯಲ್ಲಿದ್ದ ಮೊಳೆ ಕಣ್ಣಿಗೆ ಕಾಣದ ಗೆರೆ ಹಿಡಿದು ತಾನಾಗಿಯೇ ಅಂಚಿನ ಕಡೆಗೆ ನಡೆಯಿತು.

"ಅಯ್ಯ, ಇದೇನ್ರಿ! ನಾ ದೂಡೇ ಇಲ್ಲ."

"ನಿನ್ನ ಹಿಟ್ಟು ಹೊಂಟಂಗ ಹೊಂಟದ. ಕೆತ್ತೋ ಉಳಿ ಜಲ್ದಿ ಎಳದ್ರ ಒಳಗ ತಿರುಪಿನಂಗ ಗೆರಿ ಬೀಳ್ತದ. ಬ್ರೇಕ್ ಒತ್ತಿದ್ರ ಡ್ರಮ್ಮಿಗಿ ಒತ್ತೋ ಲೈನರ್ ಆ ಗೆರಿ ಹಿಡದು ಹೊರಗ ಸರೀತದ. ತಡಿಯಲಾರ್ದೆ ಜಿಗದು ವಾಪಸ್ ಹಿಂದಿನ ತಗಡಿಗಿ ಬಡೀತದ. ಟಕ್!" ಅಂಬರಾಯ ಗಂಟಲು ಸರಿಮಾಡಿಕೊಂಡ. "ಈಗ ಹೇಳು, ಈ ಗೆರಿ ಕೊರದವ್ರು ಯಾರು?"

ಭೀಮಬಾಯಿ ಸೀರೆಯ ಮೇಲಿನ ಹಿಟ್ಟು ಝಾಡಿಸಿದಳು. "ಲೇತಿಂದೇ ಏನರೆ ತಪ್ಪು ಇರ್ಬೇಕು."

"ಹೌದು. ಲೇತ್ ತಾನೇ ಎದ್ದು ಗಡಿಬಿಡಿ ಮಾಡ್ಯಾದ. ಭಾಗಣ್ಣ ಪಾಪ ಅಲ್ಲಿ ಇರ್ಲೇ ಇಲ್ಲ."

"ಸಾಕ್ ಮಾಡ್ರಿ." ಅವಳ ದನಿ ಇಳಿದಿತ್ತು. "ನಾಳಿ ಬೀಗರು ಬಂದಿರ್ತಾರ. ನಾಕು ಮಂದಿ ಎದುರು ಇದನ್ನ ತಮ್ಮಗ ಅನಬ್ಯಾಡ್ರಿ. ನಿಮ್ಮ ಮ್ಯಾಲಿನ ಪ್ರೀತಿಗಿ ಗಡಿಬಿಡಿ ಮಾಡ್ಯಾನ ಅಂವ."

ಇಷ್ಟು ದಿನದ ಚೇಷ್ಟೆಗೆಲ್ಲ ಒಂದೇ ಸಲಕ್ಕೆ ಉತ್ತರ ಅಂಬರಾಯನ ಕೈಗೆ ಸಿಕ್ಕಿತ್ತು. ಬಿಟ್ಟುಕೊಡಲು ಮನಸ್ಸಿರಲಿಲ್ಲ. "ಅನಲಿಲ್ಲ ಅಂದ್ರ?"

"ಸದ್ದು ಹೋಗಿತ್ತಂದ್ರ, ಕಾರಿನಾಗೇ ಬರ್ತೀನಿ."

ಶಾವಿಗೆ ಅಲ್ಲಿಗೇ ನಿಂತಿತು. ಅವನೊಂದು ಡ್ರಮ್ಮು, ಅವಳೊಂದು ಡ್ರಮ್ಮು ಹಿಡಿದು, ಉಸುಕಿನ ಕಾಗದದಿಂದ ಗೆರೆಗೆ ಅಡ್ಡಡ್ಡ ತಿಕ್ಕಿದರು. ಮೊಳೆ ಹಿಡಿದು ನೋಡಿದರು. ಅದು ಇದ್ದಲ್ಲೇ ಇತ್ತು. ಲೈನರ್ ತಗಡಿಗೆ ತಾಗುವ ಕಡೆ ತುಸುವೇ ಗ್ರೀಸು ಸವರಿ, ಗಾಲಿ ಹಾಕಿ, ರೈಲ್ವೆ ಗೇಟಿನ ತನಕ ಹೋದರು. ಭೀಮಬಾಯಿ ಹಿಂದಿನ ಸೀಟಿನಲ್ಲಿ ಕಿವಿಗೊಟ್ಟು ಕೂತಿದ್ದಳು. ಅವನು ಬ್ರೇಕ್ ಒತ್ತಿದ.

"ಏನೂ ಕೇಳ್ಸಲ್ಲ," ಅಂದಳು.

"ನನಗೂ ಕೇಳ್ಸಲ್ಲ."

"ನಿಮ್ದು ಬಿಡ್ರಿ, ಅದು ಬ್ಯಾರೆ ಮಾತು."

ಮರುದಿನ ಕಾಳಗಿ ದಾಟುವಾಗ ಅವಳು ಜೀಪು ಕೆಟ್ಟಿದ್ದ ಜಾಗದ ಕಡೆಗೆ ಕತ್ತು ತಿರುಗಿಸಿ ನೋಡಿದಳು. ಅಂಬರಾಯ ಅಲ್ಲಿ ಕಾರಣವಿಲ್ಲದೆ ಹಾರ್ನು ಹೊಡೆದ.

ಕೊಡ್ಲಿಯಲ್ಲಿ ಭಾಗಣ್ಣನ ಓಣಿಗೆ ಅಡ್ಡಲಾಗಿ ಹಂದರ ಹಾಕಿದ್ದರು. ಕಾರು ಕಂಬದ ಈಚೆಗೇ ನಿಂತಿತು. ಭಾಗಣ್ಣ ಬೀಗರನ್ನು ಬಿಟ್ಟು ಓಡಿ ಬಂದ.

"ಬಾ ಮಾಮಾ! ಡ್ರಮ್ಮು ಹ್ಯಾಂಗವ? ಕನ್ನಡಿ ಮಾಡಿ ಕೊಟ್ಟಿದ್ನಲ್ಲ!"

ಮಾತು ಅಂಬರಾಯನ ನಾಲಿಗೆಯ ತುದಿಗೆ ಬಂದು ಕೂತಿತು. ಹೆಂಡತಿಯ ನೋಟ ಅವನ ಬೆನ್ನ ಮೇಲೆ ಬಿಸಿಲಿಗಿಂತ ಬಿಸಿಯಾಗಿತ್ತು.

"ಕನ್ನಡಿನೇ ತಮ್ಮಾ," ಅಂದ. "ನಿಮ್ಮಕ್ಕ, ನಾ ಇಬ್ರೂ ಅದ್ರಾಗ ಮುಖ ನೋಡ್ಕೊಂಡ್ವಿ."

ಭಾಗಣ್ಣ ಹಿರಿಹಿರಿ ಹಿಗ್ಗಿ ಬೀಗರನ್ನು ಕರೆಯಲು ಹೋದ. ಭೀಮಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೆಳಗಿಳಿದಳು. ಶಾವಿಗೆಯ ಗಂಟನ್ನು ಸೊಂಟಕ್ಕಿಟ್ಟುಕೊಂಡು ಹಂದರದಾಚೆಯ ತವರಿನ ಬಾಗಿಲನ್ನೂ, ಕಾರನ್ನೂ ನೋಡಿದಳು.

"ಬಾಗಿಲ ತನಕ ಅಂದಿದ್ರಿ."

"ಹಂದರ ಅಡ್ಡ ಅದಲ್ಲ, ಭೀಮಾ."

"ಹಂದರದ ಮಾತು ಆವತ್ತು ಇರ್ಲಿಲ್ಲ. ಇಲ್ಲಿಂದ ಬಾಗಿಲ ತನಕ ಇನ್ನ ಬಾಕಿ ಅದ. ದೀಪಾವಳಿಗಿ ಬಂದಾಗ ತೀರಸ್ರಿ."

ಅವಳು ತಿರುಗಿ ನೋಡದೆ ನಡೆದಳು. ಅಂಬರಾಯ ಡಿಕ್ಕಿಯಿಂದ ಕಲ್ಲು ತೆಗೆದು ಹಿಂದಿನ ಗಾಲಿಗೆ ಆನಿಸಿ, ಕೈ ಒರೆಸಿಕೊಳ್ಳುತ್ತ ಅವಳ ಹಿಂದೆ ಹೊರಟ.