ಹೊರಟೆ, ಸೇರಿದೆ

ಮೈಕ್‌ಸೆಟ್ಟಿನ ಆರುಮುಗಂ ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದ್ದೇ ತಡ, ಶಾಂತಲಾ ಅವನ ಕೈ ಹಿಡಿದಳು.

"ಅದನ್ನ ಕೀಳಬೇಡಪ್ಪ."

"ಭಜನೆಗೆ ಮೈಕ್‌ಸೆಟ್ ಹಾಕ್ಬೇಕಲ್ಲಕ್ಕಾ. ಇಲ್ಲಿ ಪ್ಲಗ್ ಇರೋದು ಇದೊಂದೇ."

ಸಾವಿನ ಮನೆಯಲ್ಲಿ ಪ್ಲಗ್ಗಿಗಾಗಿ ಜಗ್ಗಾಟವೆಂದರೆ ಅಳುತ್ತಿದ್ದವರೂ ತಿರುಗಿ ನೋಡದೆ ಇರುತ್ತಾರೆಯೇ? ನೋಡಿದರು. ಜಗಲಿಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದ ಮಹದೇವಸ್ವಾಮಿ ಮಾತ್ರ ನೋಡಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಬದುಕಿದ್ದಾಗಲೂ ಅವನು ಕೂತೇ ಇದ್ದವನು. ಮಸಿನಗುಡಿ ಪೇಟೆಯಲ್ಲಿ ತಮ್ಮನ ಮನೆಗೆ ಅಂಟಿಕೊಂಡ ಈ ಒಂದು ಕೋಣೆಯ ಬ್ರೌಸಿಂಗ್ ಸೆಂಟರಿನಲ್ಲಿ, ಈಗ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಇದೇ ಕಂಪ್ಯೂಟರಿನೆದುರು. ಅವನ ಕುಲಾಚಾರದಲ್ಲಿ ಸತ್ತವರನ್ನೂ ಮಲಗಿಸುವುದಿಲ್ಲ.

ತಮ್ಮ ನಂಜುಂಡೇಶ ಬಂದ. "ಏನವ್ವ ಅದು?"

"ಇದು ಆರಿಹೋದ್ರೆ ಇಂಟರ್‌ನೆಟ್ಟಲ್ಲಿ ದಾರಿ ಬೋರ್ಡು ಕೆಲವರಿಗೆ ಕಾಣಲ್ಲ."

"ಅದ ನಿಮ್ಮ ಊಟಿ ಅಂಗಡೀಗ ಸಾಗಿಸಾಯ್ತು ಅಂದ್ನಲ್ಲ ನಮ್ಮಣ್ಣ?"

"ಮೊನ್ನೆ ಸಾಗಿಸಿದ್ವಿ. ಆದ್ರೆ ಹೊಸ ವಿಳಾಸ ಎಲ್ಲಾ ಊರಿಗೂ ಒಂದೇ ಸಲ ಮುಟ್ಟಲ್ಲ. ಮುಟ್ಟದೆ ಇರೋರು ಇನ್ನೂ ಈ ಹಳೇ ಯಂತ್ರಕ್ಕೇ ಬಂದು ಬರೀತಾರೆ. ಇಲ್ಲಿ ಬರೆದದ್ದು ತಾನಾಗಿ ಅಲ್ಲಿಗೆ ಹೋಗಲ್ಲ. ನಾನೇ ನೋಡಿ ದಾಟಿಸಬೇಕು."

"ಸಾವಿನ ಸುದ್ದೀನೂ ಅಂಗೆಯ. ಮೋಯಾರಿನೋರ್ಗ ಈಗ ಮುಟ್ತು. ಅಲ್ಲೀಗಂಟ ಅವರ ಪಾಲ್ಗ ಅಣ್ಣ ಬದುಕೇ ಇದ್ದ," ಎಂದ ನಂಜುಂಡೇಶ. "ಸರಿ, ಇರ್ಲಿ ಬುಡು. ಬಾಯಲ್ಲೇ ಭಜನೆ ಮಾಡ್ಲಿ. ಆದ್ರ ಹೆಣ ಎತ್ತಿದ ಮ್ಯಾಲ ಈ ಕ್ವಾಣೆ ತೊಳೀಬೇಕು. ಆಗ ತಂತಿ ಕಿತ್ತುಬುಡು."

ಶಾಂತಲಾ ತಲೆಯಾಡಿಸಿದಳು. ಆದರೆ ಹೆಂಗಸರು ಕೂರಲೆಂದು ಟೇಬಲ್ಲು ಎತ್ತಿಟ್ಟಿದ್ದರು, ಮಾನಿಟರು ಅಟ್ಟ ಸೇರಿತ್ತು. ಒಳಗೇನು ಬರೆದಿದೆಯೆಂದು ಈಗ ನೋಡುವಂತಿರಲಿಲ್ಲ.

ಪಕ್ಕದಲ್ಲಿ ನಂಜುಂಡೇಶನ ಹೆಂಡತಿ ಲಿಂಗಾಜಮ್ಮ ಬಂದವರಿಗೆಲ್ಲ ಅದೇ ಕಥೆ ಹೇಳುತ್ತಿದ್ದಳು. "ನೆನ್ನ ಬೆಳಗ್ಗೆ ಎದ್ದವ್ನೆ ಇಸ್ತ್ರಿ ಅಂಗಿ ಹಾಕಂಡ, ತಲೆಗ ಎಣ್ಣೆ ಹಚ್ಕಂಡ. ಯಾವತ್ತೂ ಊರು ಬುಟ್ಟು ಕದಲ್ದವ್ನು ಬಸ್‌ಸ್ಟಾಪಿಗ ಹೋಗಿ ನಿಂತವ್ನೆ. ಅಲ್ಲೇ ಎದೆ ಹಿಡ್ಕಂಡು ಕುಂತನಂತ. ಎಲ್ಗ ಹೊಂಟಿದ್ದ ಅನ್ನದೆ ಗೊತ್ತಾಗ್ನಿಲ್ಲ."

"ಆಸ್ಪತ್ರೆಗಿರ್ಬೇಕು. ಎದೆನೋವು ಇತ್ತೇನೋ," ಎಂದಳು ಒಬ್ಬಳು.

"ಹೆಣ್ಣು ನೋಡಾಕ ಹೊಂಟಿದ್ನೇನೋ," ಎಂದಳು ಇನ್ನೊಬ್ಬಳು. ಐವತ್ತು ದಾಟಿದವನ ಮದುವೆ ಮಾತಿಗೆ ಸಾವಿನ ಮನೆಯಲ್ಲೂ ತುಟಿಗಳು ಬಿರಿದವು.

ಶಾಂತಲಾಗೆ ನಗು ಬರಲಿಲ್ಲ. ಎಲ್ಲಿಗೆ ಹೊರಟಿದ್ದ? ಅವಳಿಗೆ ಬೇಕಾದದ್ದೂ ಆ ಒಂದೇ ಉತ್ತರ. ಆದರೆ ಕೇಳಲು ಅವಳು ಯಾರು? ಊಟಿಯಲ್ಲಿ ಟೈಪಿಂಗು, ಜೆರಾಕ್ಸು ಮಾಡಿಕೊಂಡಿರುವ ಒಂಟಿ ಹೆಂಗಸು. ಹತ್ತು ವರ್ಷದ ಹಿಂದೆ ಇವನ ಬಳಿ ಕಂಪ್ಯೂಟರ್ ಕಲಿತವಳು. ಅದಕ್ಕಿಂತ ಹೆಚ್ಚಿನ ಹೆಸರು ಅವರಿಬ್ಬರ ನಡುವಿನದಕ್ಕೆ ಯಾರೂ ಇಟ್ಟಿರಲಿಲ್ಲ, ಅವರೂ ಕೂಡ.

*

ದಾರಿ ಬೋರ್ಡು ಮೊದಲು ಮಹದೇವಸ್ವಾಮಿಯ ಅಂಗಡಿಯ ಮುಂದಿನ ಕರಿಹಲಗೆಯಾಗಿತ್ತು. ಆನೆ ಎಲ್ಲಿ ಅಡ್ಡ ನಿಂತಿದೆ, ಕಲ್ಲಟ್ಟಿ ಘಾಟಿಯಲ್ಲಿ ಮರ ಬಿದ್ದಿದೆಯೇ ಎಂದು ಬರೆಯುತ್ತಿದ್ದ. ಆಮೇಲೆ ತಾನೇ ಪ್ರೋಗ್ರಾಂ ಬರೆದು ಅದನ್ನು ಇಂಟರ್‌ನೆಟ್ಟಿಗೆ ಏರಿಸಿದ. ಯಾರು, ಎಲ್ಲಿಂದ, ಎಲ್ಲಿಗೆ, ಎಷ್ಟು ಜನ ಎಂದು ತುಂಬಿ 'ಹೊರಟೆ' ಒತ್ತಿದರೆ ಕೆಂಪು ಸಾಲು. ತಲುಪಿ 'ಸೇರಿದೆ' ಒತ್ತಿದರೆ ಹಸಿರು. ಕಂಪ್ಯೂಟರಿಲ್ಲದವರು ಫೋನು ಮಾಡಿದರೆ ಇವನೇ ತುಂಬುತ್ತಿದ್ದ. ಆದರೆ ಯಾರದೇ 'ಸೇರಿದೆ'ಯನ್ನು ಊಹೆಯ ಮೇಲೆ ಒತ್ತುತ್ತಿರಲಿಲ್ಲ. ಹೋದವರು ಹೇಳಬೇಕು, ಇಲ್ಲವೇ ಹೋದ ಜಾಗದವರು.

ಒಂದು ಮಳೆಗಾಲದ ಸಂಜೆ ಶಾಂತಲಾ ಊಟಿ ತಲುಪಿ ಹೇಳುವುದನ್ನೇ ಮರೆತಳು. ಅವನು ದಾರಿಯ ಚಹದಂಗಡಿ, ಚೆಕ್‌ಪೋಸ್ಟು ಎಲ್ಲಕ್ಕೂ ಫೋನು ಮಾಡಿ, ಕೊನೆಗೆ ಪಕ್ಕದ ಮನೆಯವರಿಂದ ಅವಳನ್ನು ಕರೆಸಿದ.

"ನನ್ನ ಪಾಲಿಗೆ ನೀವಿನ್ನೂ ದಾರೀಲೇ ಇದೀರಿ," ಎಂದ.

ತನಗಾಗಿ ಯಾರೋ ಕಾದಿದ್ದರೆಂದು ಅವಳಿಗೆ ಅವತ್ತು ಗೊತ್ತಾಯಿತು. ಆಮೇಲೆ ಒಂದು ದಿನವೂ ಮರೆಯಲಿಲ್ಲ.

"ನೀವೂ ಒಂದ್ಸಲ ಊಟಿಗೆ ಬನ್ನಿ," ಎಂದಾಗೆಲ್ಲ, "ಇದನ್ನ ಬಿಟ್ಟು ಹೆಂಗೆ ಏಳದು?" ಎನ್ನುತ್ತಿದ್ದ.

ಆನೆ ಕಂಬ ಉರುಳಿಸಿದಾಗೆಲ್ಲ ಇಲ್ಲಿ ಕರೆಂಟು, ಫೋನು ಎರಡೂ ಹೋಗುತ್ತಿದ್ದವು. ಬೋರ್ಡನ್ನು ಊಟಿಯ ಯಂತ್ರಕ್ಕೆ ಸಾಗಿಸೋಣವೆಂದು ಅವಳು ಹಟ ಹಿಡಿದದ್ದಕ್ಕೆ ಅದು ಅರ್ಧ ಕಾರಣ. ಇನ್ನರ್ಧವನ್ನು ಅವಳು ಹೇಳಲಿಲ್ಲ. ಮೊನ್ನೆ ಕಾಪಿ ಮಾಡಿದ ಡಿಸ್ಕನ್ನು ಅವನು ಟವೆಲಿನಲ್ಲಿ ಸುತ್ತಿ ಅವಳ ಮಡಿಲಿಗಿಟ್ಟಿದ್ದ.

"ಇನ್ನು ಈ ಹಳೇದರಲ್ಲಿ ಏನೂ ಬರೀಬೇಡಿ," ಎಂದಳು. "ಈಗ ಎದ್ದು ಬರಬಹುದಲ್ಲ?"

"ನಾಳೆ ಬಂದ್ರೂ ಬಂದೆ," ಎಂದಿದ್ದ. ಹತ್ತು ವರ್ಷದಿಂದ ಕದಲದವನ ಮಾತು, ಅವಳು ನಂಬಲಿಲ್ಲ.

*

ಮಧ್ಯಾಹ್ನ ಹೆಣ ಒಯ್ಯುವ ಬಿದಿರಿನ ವಿಮಾನ ಕಟ್ಟಿ, ಕೂತವನನ್ನು ಕೂತಂತೆಯೇ ಎತ್ತಿಕೊಂಡು ಹೋದರು. ಹೆಂಗಸರು ಪೇಟೆಯ ತಿರುವಿನವರೆಗೆ ಹೋಗಿ ನಿಂತರು. ಶಾಂತಲಾ ಅಲ್ಲಿಂದ ಓಡುತ್ತಲೇ ಬಂದು ಮಾನಿಟರು ಇಳಿಸಿ ತಂತಿ ಸಿಕ್ಕಿಸಿದಳು.

ಹಳೆಯ ಬೋರ್ಡಿನಲ್ಲಿ ನಾಲ್ಕು ಕೆಂಪು ಸಾಲುಗಳಿದ್ದವು. ಗುಂಡ್ಲುಪೇಟೆಯ ಎರಡು ಲಾರಿ, ಮೋಯಾರಿನ ಒಂದು ಜೀಪು. ಮೂರನ್ನೂ ಹೊಸ ಬೋರ್ಡಿಗೆ ದಾಟಿಸಿದಳು. ನಾಲ್ಕನೆಯದು ನಿನ್ನೆ ಬೆಳಗಿನದು.

ಯಾರು: ಮಹದೇವಸ್ವಾಮಿ. ಎಲ್ಲಿಂದ: ಮಸಿನಗುಡಿ. ಎಲ್ಲಿಗೆ: ಊಟಿ, ಶಾಂತಲಾ ಅವರ ಅಂಗಡಿ. ಎಷ್ಟು ಜನ: ಒಂದು.

ಊರವರು ಹೋಗುವುದು ಬರುವುದನ್ನೆಲ್ಲ ಕಾಯ್ದವನ ಹೆಸರು ಬೋರ್ಡಿನಲ್ಲಿ ಬಂದದ್ದು ಅದೊಂದೇ ಸಲ. ಬರೆಯಬೇಡಿ ಎಂದಿದ್ದರೂ ಇಲ್ಲೇ ಬರೆದಿದ್ದ. ಅಭ್ಯಾಸಬಲವೋ, ಇಲ್ಲಿ ಬರೆದರೆ ಅವಳಿಗೆ ಕಾಣದು, ಹೇಳದೆ ಹೋಗಿ ಎದುರು ನಿಲ್ಲೋಣವೆಂದೋ. ಅವಳು ಸೆರಗನ್ನು ಬಾಯಿಗೊತ್ತಿ ಅತ್ತಳು. ಬೆಳಗಿನಿಂದ ಅಳಲು ಅವಳಿಗೊಂದು ಹಕ್ಕು ಸಿಕ್ಕಿರಲಿಲ್ಲ.

ಪೊರಕೆ, ಬಕೆಟ್ಟು ಹಿಡಿದು ಲಿಂಗಾಜಮ್ಮ ಬಂದಳು. "ಅದ್ರಲ್ಲಿ ಏನಾರ ಇತ್ತಾ? ಎಲ್ಗ ಹೊಂಟಿದ್ದನಂತ?"

"ಊಟಿಗಂತೆ."

"ಆಸ್ಪತ್ರೆಗೇ ಕನ. ನಾ ಹೇಳ್ನಿಲ್ವಾ."

ಶಾಂತಲಾ ಪರದೆಯತ್ತ ತಿರುಗಿದಳು. ಆ ಸಾಲನ್ನು ಹಾಗೇ ದಾಟಿಸಲು ಕೈ ಬರಲಿಲ್ಲ. ಹೊಸ ಬೋರ್ಡಿನಲ್ಲಿ ಅದು ಎಂದೆಂದಿಗೂ ಕೆಂಪಗೇ ಉಳಿಯುತ್ತಿತ್ತು. ಅದರ ಬದಲು ಅಲ್ಲಿ ತನ್ನದೇ ಹೆಸರು ತುಂಬಿದಳು. ಮಸಿನಗುಡಿಯಿಂದ ಊಟಿಗೆ. ಎಷ್ಟು ಜನ ಎಂಬಲ್ಲಿ ಬೆರಳು ತುಸು ತಡೆಯಿತು. ಎರಡು ಎಂದು ಬರೆದು 'ಹೊರಟೆ' ಒತ್ತಿದಳು. ಆಮೇಲೆ ಪ್ಲಗ್ಗು ಕಿತ್ತಳು. ಕೋಣೆಯ ಗುಂಯ್‌ಗುಟ್ಟುವಿಕೆ ನಿಂತಿತು. ಲಿಂಗಾಜಮ್ಮ ನೀರು ಸುರಿದಳು.

ಬಸ್ಸು ಕಲ್ಲಟ್ಟಿಯ ತಿರುವುಗಳನ್ನು ಏದುತ್ತ ಹತ್ತಿತು. ಅವಳು ಕಿಟಕಿಯ ಪಕ್ಕದ ಸೀಟನ್ನು ಖಾಲಿ ಬಿಟ್ಟು ಈಚೆ ಕೂತಿದ್ದಳು. ಘಾಟಿ ಹತ್ತುವುದನ್ನು ಅವನು ನೋಡಿಯೇ ಇರಲಿಲ್ಲ.

ಅಂಗಡಿಯ ಶಟರು ಎತ್ತುವ ಹೊತ್ತಿಗೆ ಊಟಿಯಲ್ಲಿ ಸಂಜೆಯ ಮಂಜು ಇಳಿದಿತ್ತು. ಹೊಸ ಯಂತ್ರ ಓಡುತ್ತಿತ್ತು. ಲಾರಿಗಳೂ ಜೀಪೂ ಹಸಿರಾಗಿದ್ದವು, ಅವಳ ಸಾಲೊಂದೇ ಕೆಂಪಗಿತ್ತು. ಗಿರಾಕಿಗಳ ಸ್ಟೂಲನ್ನು ಸೆರಗಿನಿಂದ ಒರೆಸಿ ತನ್ನ ಕುರ್ಚಿಯ ಪಕ್ಕಕ್ಕೆ ಎಳೆದಿಟ್ಟಳು. ಆಮೇಲೆ ಕೂತು, 'ಸೇರಿದೆ' ಒತ್ತಿದಳು.