ಕೆರಾಡಿ ಕರೆಂಟಿನ ಚಾರ್ಜರು

ತೆಕ್ಕಟ್ಟೆಯ ಹೆದ್ದಾರಿ ಬದಿಯ ‘ಗಿರಿಜಾ ಡಿಜಿಟಲ್ ಸ್ಟುಡಿಯೋ’ದಲ್ಲಿ ಒಂದು ಕೆಂಪು ದೀಪವಿತ್ತು. ದೇವರ ಮುಂದಿನ ದೀಪವಾದರೂ ಎಣ್ಣೆ ತೀರಿದರೆ ಒಮ್ಮೆ ಆರೀತು. ಇದನ್ನು ಬೇಕೆಂದು ಆರಿಸಿದವರನ್ನು ಬೈಂದೂರಿನಿಂದ ಬ್ರಹ್ಮಾವರದ ತನಕ ಹುಡುಕಿದರೂ ಸಿಗುತ್ತಿರಲಿಲ್ಲ. ಕರೆಂಟು ಹೋದಾಗ ಮಾತ್ರ ಅದು ಆರುತ್ತಿತ್ತು. ಆಗ ಸ್ಟುಡಿಯೋದ ಯಜಮಾನ ಭೋಜರಾಜ ಶೆಟ್ಟಿಯ ಮುಖದ ಕಳೆಯೂ ಅದರ ಜೊತೆಗೇ ಹೋಗುತ್ತಿತ್ತು. ಅವನ ಕ್ಯಾಮರಾ ಸೆಲ್ಲುಗಳ ಚಾರ್ಜರಿನ ದೀಪ ಅದು.

ಕ್ಯಾಮರಾ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ, ಮುಂಬೈಯಿಂದ. ರೀಲು ಬೇಡ, ತೊಳೆಯುವುದು ಬೇಡ, ತೆಗೆದ ಕೂಡಲೇ ಹಿಂಬದಿಯ ಪುಟ್ಟ ಪರದೆಯಲ್ಲಿ ಮುಖ ಕಾಣುತ್ತದೆ. ಅರಬ್ಬೀ ಸಮುದ್ರದ ಈ ದಂಡೆಗೆ ಅಂಥದ್ದು ಕಾಲಿಟ್ಟದ್ದೇ ಮೊದಲು ಎಂದು ಭೋಜರಾಜ ಹೇಳುತ್ತಿದ್ದ. ಅವನ ಮಾತನ್ನು ಅರ್ಧಕ್ಕೆ ಅರ್ಧ ಕಳೆದು ನಂಬುವವರೂ ಕುಂದಾಪುರ ತಾಲೂಕಿಗಾದರೂ ಮೊದಲಿರಬೇಕು ಎಂದು ಒಪ್ಪಿದ್ದರು. ಆದರೆ ಆ ಕ್ಯಾಮರಾದ ಹೊಟ್ಟೆ ದೊಡ್ಡದು. ನಾಲ್ಕು ಪೆನ್ಸಿಲ್ ಸೆಲ್ಲುಗಳನ್ನು ಒಟ್ಟಿಗೆ ನುಂಗಿ, ಮದುವೆಯ ಊಟದಲ್ಲಿ ಪಾಯಸಕ್ಕೆ ಮೊದಲೇ ಹಸಿವು ಎನ್ನುತ್ತಿತ್ತು. ಅದಕ್ಕಾಗಿ ಭೋಜರಾಜ ಚಾರ್ಜ್ ಮಾಡುವ ಸೆಲ್ಲುಗಳನ್ನು ನಾಲ್ಕು ನಾಲ್ಕರಂತೆ ಎರಡು ಜೊತೆ ಇಟ್ಟಿದ್ದ, ಚಾರ್ಜರೂ ಎರಡು. ಕೆಲಸವಿಲ್ಲದ ಹೊತ್ತಿನಲ್ಲಿ ಎಲ್ಲವೂ ಗೋಡೆಗೆ ಅಂಟಿಕೊಂಡೇ ಇರಬೇಕು ಎಂಬುದು ಅವನ ಸಿದ್ಧಾಂತ.

ಸಿದ್ಧಾಂತ ಹುಟ್ಟಿದ್ದು ಕೆರಾಡಿಯಲ್ಲಿ. ಭೋಜರಾಜ ಅಲ್ಲಿಯವನು, ಮುಂಬೈಯಿಂದ ಬಂದ ಕ್ಯಾಮರಾವನ್ನು ಮೊದಲ ಒಂದು ವರ್ಷ ಅಲ್ಲಿಯೇ ಇಟ್ಟುಕೊಂಡು ಸುತ್ತಮುತ್ತಲಿನ ಮದುವೆ ತೆಗೆದವನು. ಆ ಕಾಲದ ಕೆರಾಡಿಯಲ್ಲಿ ಬಲ್ಬು ಹೊತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಬೆಂಕಿಕಡ್ಡಿ ಗೀರಬೇಕಿತ್ತು. ಕಾಡಿನೊಳಗಿಂದ ಬರುವ ಕರೆಂಟು ದಾರಿಯಲ್ಲಿ ಎಲ್ಲೆಲ್ಲೋ ಕೂತು ಸುಧಾರಿಸಿಕೊಂಡು ಮನೆ ಸೇರುವಾಗ ಅದಕ್ಕೆ ಫ್ಯಾನಿನ ಎಲೆ ಅಲ್ಲಾಡಿಸುವ ತ್ರಾಣವೂ ಉಳಿದಿರುತ್ತಿರಲಿಲ್ಲ. ಅಲ್ಲಿ ಸೆಲ್ಲನ್ನು ಇವತ್ತು ಹಾಕಿದರೆ ವಾರದ ಸಂತೆ ಮುಗಿಸಿ ಬಂದು ಮುಟ್ಟಿ ನೋಡಬೇಕು. ತೆಗೆದವನು ಕೆಟ್ಟ, ಬಿಟ್ಟವನು ಗೆದ್ದ. ಹಾಗೆ ಗೆದ್ದು ಗೆದ್ದು ಅಭ್ಯಾಸವಾದ ಭೋಜರಾಜ ಸ್ಟುಡಿಯೋ ತೆರೆಯಲು ತೆಕ್ಕಟ್ಟೆಗೆ ಬಂದಾಗ ಚಾರ್ಜರಿನ ಜೊತೆ ಆ ಬುದ್ಧಿಯನ್ನೂ ಕಟ್ಟಿಕೊಂಡು ಬಂದ.

ತೆಕ್ಕಟ್ಟೆಯ ಕರೆಂಟು ಬೇರೆ. ಮೀನಿಗೆ ಐಸು ಮಾಡುವ ಕಾರ್ಖಾನೆಗೆ ಹೋಗುವ ಲೈನು ಅದು. ಕೆರಾಡಿಯದ್ದು ನಡೆದು ಬಂದರೆ ಇದು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿತ್ತು. ಆ ಚಾರ್ಜರುಗಳಿಗೋ ತುಂಬಿತು ಎಂದು ತಾವಾಗಿ ನಿಲ್ಲುವ ಬುದ್ಧಿಯಿರಲಿಲ್ಲ. ಸೆಲ್ಲುಗಳು ಹಗಲೂ ರಾತ್ರಿ ಕುದಿಯುತ್ತಿದ್ದವು. ಮಳೆಗಾಲದಲ್ಲಿ ತೆಕ್ಕಟ್ಟೆಯ ಬೆಕ್ಕುಗಳೆಲ್ಲ ಒಲೆಯ ಬೂದಿ ಬಿಟ್ಟು ಚಾರ್ಜರಿನ ಪಕ್ಕ ಜಾಗಕ್ಕೆ ಜಗಳವಾಡಿದವು. ಆಷಾಢದಲ್ಲಿ ಒಣಗದೆ ಉಳಿದ ಹಪ್ಪಳ ಒಣಗಿದ್ದು ಅದರ ಮೇಲೆ.

ಭೋಜರಾಜನ ಹೆಂಡತಿ ಗಿರಿಜಾ ಒಂದು ದಿನ ಕಸ ಗುಡಿಸುವಾಗ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

“ಹ್ವಾಯ್, ಇದ್ ಸುಡ್ತಾ ಇತ್ತ್. ತುಂಬ್ದ್ ಮೇಲೆ ತೆಗ್ದಿಡುಕಾಗ್ದಾ?”

“ಬೆಚ್ಚ ಇತ್ತ್ ಅಂದ್ರೆ ತುಂಬ್ತಾ ಇತ್ತ್ ಅಂದೇಳಿ ಲೆಕ್ಕ, ಹೆಣೆ. ತಣ್ಗಾದ್ರೆ ಖಾಲಿ,” ಎಂದ ಭೋಜರಾಜ.

ಎದುರು ಸಾಲಿನಲ್ಲಿ ಇನ್ನೂ ರೀಲು ಕ್ಯಾಮರಾ ಹಿಡಿದುಕೊಂಡಿದ್ದ ರತ್ನಾಕರನೂ ಗಿರಿಜಾಳ ಪಕ್ಷ. ಗಿರಾಕಿಯಿಲ್ಲದ ಹೊತ್ತಿಗೆ ಬಂದು ಕೂತು, ಹೊಟ್ಟೆ ತುಂಬಿದ ಮೇಲೂ ಬಡಿಸುತ್ತಲೇ ಇದ್ದರೆ ನಿನಗೆ ಆದೀತಾ ಎಂದು ಕೇಳುತ್ತಿದ್ದ. “ನಿನ್ ರೀಲ್ ಕ್ಯಾಮರಾಕ್ಕೆ ಹೊಟ್ಟಿಯೇ ಇಲ್ಲ, ನಿಂಗೆಂತ ಗೊತ್ತಿತ್ತ್ ಮಾರಾಯಾ,” ಎಂದು ಭೋಜರಾಜ ಬಾಯಿ ಮುಚ್ಚಿಸುತ್ತಿದ್ದ. ಈ ಚರ್ಚೆ ಟೀ ಹೋಟೆಲಿಗೆ ಹೋಯಿತು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಮೀನು ಮಾರ್ಕೆಟ್ಟಿಗೆ. ಚುನಾವಣೆಯಲ್ಲೂ ಸರಿಯಾಗಿ ಎರಡಾಗದ ಊರು ಸೆಲ್ಲಿನ ವಿಷಯಕ್ಕೆ ಎರಡಾಯಿತು.

ಒಳಗೊಳಗೆ ಭೋಜರಾಜನಿಗೂ ಒಂದು ಅನುಮಾನ ಹೊಕ್ಕಿತ್ತು. ಮೊದಲು ಮದುವೆಯೊಂದನ್ನು ಮುಗಿಸಿಕೊಡುತ್ತಿದ್ದ ಸೆಲ್ಲು ಈಗ ದಿಬ್ಬಣ ಬರುವಾಗಲೇ ಆಕಳಿಸುತ್ತಿತ್ತು. ಚಾರ್ಜು ಸಾಲಲಿಲ್ಲ ಎಂದು ಅವನು ಇನ್ನಷ್ಟು ಹೊತ್ತು ಹಾಕುತ್ತಿದ್ದ. ಅದು ಇನ್ನಷ್ಟು ಬೇಗ ಆಕಳಿಸುತ್ತಿತ್ತು.

ಹೀಗಿರುವಾಗ ಹಾಲಾಡಿಯಲ್ಲಿ ಗಿರಿಜಾಳ ತಂಗಿ ವನಜಳ ಮದುವೆ ನಿಶ್ಚಯವಾಯಿತು.

ಇಲ್ಲೊಂದು ಹಳೆಯ ಗಾಯವಿದೆ. ತೊಂಬತ್ತೇಳರಲ್ಲಿ ಭೋಜರಾಜ–ಗಿರಿಜಾರ ಮದುವೆಗೆ ಬ್ರಹ್ಮಾವರದ ಕಡೆಯಿಂದ ಒಬ್ಬ ಫೋಟೋದವನು ಬಂದಿದ್ದ. ಸಿಡಿಲಿಗೆ ಸಮನಾದ ಫ್ಲಾಶು ಹೊಡೆದು, ಮದುಮಕ್ಕಳ ಗದ್ದ ಎತ್ತಿಸಿ ಇಳಿಸಿ, ಕಾಗೆಯನ್ನೂ ಬಿಡದೆ ತೆಗೆದ. ಕ್ಯಾಮರಾದೊಳಗೆ ರೀಲು ಚಕ್ರದ ಹಲ್ಲಿಗೆ ಕಚ್ಚಿರಲೇ ಇಲ್ಲ. ಒಂದು ಫೋಟೋ ಬರಲಿಲ್ಲ. ಉಳಿದದ್ದು ಹೋಗಲಿ, ಅಪ್ಪಯ್ಯ ಗಿಂಡಿಯಿಂದ ನೀರು ಬಿಟ್ಟು ತನ್ನನ್ನು ಧಾರೆಯೆರೆದದ್ದು ಹೋಯಿತಲ್ಲ ಎಂದು ಗಿರಿಜಾ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಭೋಜರಾಜ ಮುಂಬೈಯ ಹೋಟೆಲು ಕೆಲಸ ಬಿಟ್ಟು ಕ್ಯಾಮರಾ ಹಿಡಿದದ್ದಕ್ಕೆ ಜನರೆದುರು ಹೇಳುವ ಕಾರಣ ಇಪ್ಪತ್ತಿದ್ದವು. ಹೇಳದ ಕಾರಣ ಇದೊಂದೇ.

“ನಮ್ದಂತೂ ಇಲ್ಲ. ವನಜಂದಾರೂ ಇರ್ಲಿ,” ಎಂದಳು ಗಿರಿಜಾ. “ಅಪ್ಪಯ್ಯ ನೀರ್ ಬಿಡುದ್ ಒಂದ್ ಫೋಟೋ. ಬೇರೆದ್ ಎಂತದೂ ಬ್ಯಾಡ ನಂಗೆ.”

ಒಂದಲ್ಲ, ನೀರಿನ ಹನಿಹನಿಗೂ ಒಂದೊಂದು ತೆಗೆಯುತ್ತೇನೆ ಎಂದ ಭೋಜರಾಜ. ಮಾವ ಮಂಜಯ್ಯ ಶೆಟ್ಟರಿಗೆ ಬೇರೆ ಫೋಟೋದವರನ್ನು ಕರೆಯುವುದೇ ಬೇಡವೆಂದು ಕಟ್ಟಪ್ಪಣೆ ಮಾಡಿದ. ರತ್ನಾಕರನಿಗೆ ಮದುವೆಯ ಕಾಗದ ಕೊಟ್ಟು, ಊಟಕ್ಕೆ ಬಾ, ಕ್ಯಾಮರಾ ತರಬೇಡ ಎಂದ.

ಮದುವೆಗೆ ಇನ್ನೂ ವಾರವಿರುವಾಗ ಎರಡು ಜೊತೆ ಸೆಲ್ಲೂ ಚಾರ್ಜರಿಗೆ ಏರಿದವು. ಮಾರನೆಯ ಬೆಳಿಗ್ಗೆ ಭೋಜರಾಜ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದ. ಒಂದು ಜೊತೆಯನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಮೇಜಿನ ಡ್ರಾವರಿನಲ್ಲಿ ಇಟ್ಟ. ಹೆಂಡತಿಯ ಮಾತೇ ನಿಜವಾಗಿದ್ದರೆ ಇದೊಂದು ಉಳಿಯಲಿ, ತನ್ನ ಮಾತು ನಿಜವಾದರೆ ಅದು ಹೇಗೂ ಇದೆ. ಈ ವಿಷಯ ಗಿರಿಜಾಳಿಗೆ ಹೇಳುವುದಕ್ಕಿಂತ ರತ್ನಾಕರನ ಕಾಲು ಹಿಡಿಯುವುದು ಲೇಸೆಂದು ಸುಮ್ಮನಿದ್ದ.

ಮದುವೆ ಮೇ ತಿಂಗಳಲ್ಲಿ, ಹಾಲಾಡಿಯ ಮನೆಯಂಗಳದ ಚಪ್ಪರದಲ್ಲಿ. ಆ ದಿನದ ಸೆಕೆಗೆ ಬಾವಿಯೊಳಗಿನ ಕಪ್ಪೆಯೂ ಬೀಸಣಿಗೆ ಕೇಳಿತ್ತು. ಅಭಿಜಿನ್ ಲಗ್ನ, ಹನ್ನೆರಡು ಹತ್ತರ ಒಳಗೆ ಧಾರೆ ಆಗಬೇಕು. ಹೊತ್ತು ತಪ್ಪಬಾರದೆಂದು ಮಂಜಯ್ಯ ಶೆಟ್ಟರು ಚಾವಡಿಯ ಗೋಡೆ ಗಡಿಯಾರವನ್ನೇ ತಂದು ಮಂಟಪದ ಕಂಬಕ್ಕೆ ತೂಗುಹಾಕಿಸಿದ್ದರು. ಪೌರೋಹಿತ್ಯದ ಭಟ್ಟರು ಬಂದವರೇ ತಮ್ಮ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿ, ಇನ್ನು ಇದೇ ಲೆಕ್ಕ ಎಂದು ಕಂಬ ತೋರಿಸಿದರು.

ಭೋಜರಾಜ ಮೊದಲ ಜೊತೆ ಸೆಲ್ಲು ಹಾಕಿ ಮದುಮಗಳ ಜಡೆಗೆ ಹೂ ಮುಡಿಸುವುದನ್ನು ತೆಗೆದ. ಹೂ ಪೂರ್ತಿ ಮುಡಿಯುವ ಮೊದಲೇ ಪರದೆ ಕಪ್ಪಾಯಿತು. ಅವನು ನಕ್ಕ. ಇದು ಗೊತ್ತಿದ್ದದ್ದೇ; ಕರ್ಚೀಫಿನಲ್ಲಿ ಸುತ್ತಿಟ್ಟ ಜೊತೆ ಇದೆಯಲ್ಲ. ಹೊರಡುವಾಗ ಡ್ರಾವರಿನಲ್ಲಿ ಅದು ಕಾಣದೆ ತಡಕಾಡುತ್ತಿದ್ದಾಗ ಗಿರಿಜಾ ತಾನೇ ಚೀಲಕ್ಕೆ ಹಾಕಿದ್ದೇನೆ ಎಂದಿದ್ದಳು. ಅದನ್ನು ತೆಗೆದು ಹಾಕಿದ. ದಿಬ್ಬಣ ಬಂತು, ಮದುಮಗನ ಕಾಲಿಗೆ ನೀರು ಕೊಟ್ಟರು, ಕ್ಯಾಮರಾ ಎರಡು ಸಲ ಕಣ್ಣು ಮಿಟುಕಿಸಿ ಲೆನ್ಸಿನ ಮೂಗು ಒಳಗೆಳೆದುಕೊಂಡಿತು.

ಭೋಜರಾಜ ಸೆಲ್ಲುಗಳನ್ನು ಹೊರಗೆ ತೆಗೆದು ಉಜ್ಜಿದ, ಊದಿದ, ಕಂಕುಳಲ್ಲಿ ಇಟ್ಟು ನೋಡಿದ. ಗಂಟೆ ಹನ್ನೆರಡಕ್ಕೆ ಹತ್ತಿರ. ಗಿರಿಜಾಳನ್ನು ಅಡಿಗೆಕೋಣೆಯ ಹಿಂದಕ್ಕೆ ಕರೆದ.

“ಇದ್ ಒಂದ್ ರಾತ್ರಿ ಮಾತ್ರ ಚಾರ್ಜ್ ಮಾಡಿ ತೆಗ್ದಿಟ್ದ್. ನಿನ್ ಮಾತ್ ಕೇಂಡ್,” ಎಂದ.

ಗಿರಿಜಾ ಅವನ ಮುಖವನ್ನೇ ನೋಡಿದಳು.

“ನೀವೇ ತೆಗ್ದಿಟ್ದಾ? ಹಾಕುಕೆ ಮರ್ತದ್ ಅಂದ್ಕಂಡ್ ಅವತ್ತೇ ನಾನ್ ಖಾಲಿ ಚಾರ್ಜರ್ ಒಳ್ಗ್ ತಕಂಡ್ಹೋಯಿ ತಿರ್ಗಿ ಹಾಕ್ದೆ. ನಿಮ್ ಮಾತ್ ಕೇಂಡ್.”

ಒಂಬತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿದ್ದು ಅದೇ ಮೊದಲು. ಅದೂ ಒಂದೇ ದಿನ.

ಜಗಳಕ್ಕೆ ಹೊತ್ತಿರಲಿಲ್ಲ. ಹಾಲಾಡಿ ಪೇಟೆಗೆ ಓಡಿ ಸೆಲ್ಲು ತರೋಣವೆಂದರೆ ದಿಬ್ಬಣದ ಬಸ್ಸು ಗದ್ದೆ ದಾರಿಗೆ ಅಡ್ಡ ನಿಂತು, ಡ್ರೈವರು ಎಲ್ಲೋ ತೋಟದ ನೆರಳಿನಲ್ಲಿ ಮಲಗಿದ್ದ. ಚಪ್ಪರದಲ್ಲಿ ರತ್ನಾಕರ ಬರಿಗೈಯಲ್ಲಿ ಕೂತು ಬೀಸಿಕೊಳ್ಳುತ್ತಿದ್ದ. ಅವನ ಕ್ಯಾಮರಾ, ಹೇಳಿದ ಮಾತಿಗೆ ಸರಿಯಾಗಿ, ತೆಕ್ಕಟ್ಟೆಯಲ್ಲಿತ್ತು.

“ರಿಮೋಟಿನಗೆ ಎರಡ್ ಇತ್ತ್,” ಎಂದಳು ಗಿರಿಜಾ. ಒಳಗೆ ಹೋಗಿ ಟಿವಿಯ ರಿಮೋಟನ್ನು ಬಗೆದಳು. ವನಜಳ ತಲೆದಿಂಬಿನ ಹತ್ತಿರವಿದ್ದ ಅಲಾರಂ ಗಡಿಯಾರದಿಂದ ಒಂದು. ಮೂರಾಯಿತು. ಟಾರ್ಚಿನಲ್ಲಿದ್ದದ್ದು ದಪ್ಪ ಸೆಲ್ಲು. ರೇಡಿಯೋದಲ್ಲೂ ದಪ್ಪವೇ. ಅಟ್ಟ, ದೇವರಕೋಣೆ, ಕಪಾಟು ಎಲ್ಲ ಹುಡುಕಿದರೂ ನಾಲ್ಕನೆಯದು ಸಿಗಲಿಲ್ಲ. ಕೊನೆಗೆ ಇಬ್ಬರ ಕಣ್ಣೂ ಒಂದೇ ಕಡೆ ಹೋಯಿತು. ಮಂಟಪದ ಕಂಬದ ಮೇಲೆ.

ಮದುವೆಮನೆಯಲ್ಲಿ ಫೋಟೋದವನು ಎಲ್ಲಿ ಹತ್ತಿದರೂ ಯಾರೂ ಯಾಕೆಂದು ಕೇಳುವುದಿಲ್ಲ. ಅವನು ಭಟ್ಟರ ಹೆಗಲ ಮೇಲೆ ನಿಂತರೂ ಒಳ್ಳೆಯ ಫೋಟೋ ಬರಲಿಕ್ಕೆ ಇರಬೇಕು ಎಂದುಕೊಳ್ಳುತ್ತಾರೆ. ಭೋಜರಾಜ ಕಂಬದ ಹಿಂದೆ ಕುರ್ಚಿಯಿಟ್ಟು ಹತ್ತಿದ, ಕ್ಯಾಮರಾವನ್ನು ಕಣ್ಣಿಗೆ ಹಿಡಿದ, ಇನ್ನೊಂದು ಕೈಯಲ್ಲಿ ಗಡಿಯಾರದ ಬೆನ್ನಿನಿಂದ ಸೆಲ್ಲು ಕಿತ್ತ. ಕಿತ್ತ ರಭಸಕ್ಕೆ ಗಡಿಯಾರದ ಮೊಳೆ ಸಡಿಲವಾಯಿತು. ಬೀಳುವ ಮೊದಲೇ ಗಿರಿಜಾ ಕಂಬದ ಮರೆಯಿಂದ ಕೈ ಚಾಚಿ ಅದನ್ನು ಒತ್ತಿ ಹಿಡಿದಳು. ಹನ್ನೆರಡು ನಾಲ್ಕಕ್ಕೆ ಹಾಲಾಡಿಯಲ್ಲಿ ಕಾಲ ನಿಂತಿತು.

ಭಟ್ಟರು ತಲೆಯೆತ್ತಿ ನೋಡಿದರು; ಇನ್ನೂ ಆರು ನಿಮಿಷ ಇದೆ. ಒಂದು ಮಂತ್ರ ಹೇಳಿ ನೋಡಿದರು, ಆರು ನಿಮಿಷ. ಯಾವಾಗಲೂ ಬಸ್ಸು ತಪ್ಪುವವರಂತೆ ಮಂತ್ರ ಹೇಳುವ ಅವರು ಅಂದು ನಿಧಾನವಾಗಿ, ಒಂದಕ್ಷರ ನುಂಗದೆ, ಅವರ ಅಜ್ಜನ ಕಾಲದಲ್ಲಿ ಬಿಟ್ಟುಹೋದ ಮಂತ್ರಗಳನ್ನೂ ಸೇರಿಸಿ ಹೇಳಿದರು. ಹಸಿದವರು ಚಡಪಡಿಸಿದರು. ಮಂಜಯ್ಯ ಶೆಟ್ಟರು ಗಿಂಡಿ ಹಿಡಿದು ಕಾದರು.

ಭೋಜರಾಜನಿಗೆ ಗೊತ್ತಿತ್ತು: ರಿಮೋಟಿನ ಸೆಲ್ಲಿಗೆ ಒಂದೇ ಉಸಿರು. ಸ್ವಿಚ್ಚು ಒತ್ತಿದ ಮೇಲೆ ಎರಡನೆಯ ಅವಕಾಶವಿಲ್ಲ. ಜಂಬವೆಲ್ಲ ಬೆವರಾಗಿ ಬೆನ್ನಿನಲ್ಲಿ ಇಳಿಯಿತು. ನಾಲ್ಕೂ ಸೆಲ್ಲು ತುಂಬಿ ಮಂಟಪದ ಮುಂದೆ ಬಂದು, ಮಾವನ ಕೈಯ ಗಿಂಡಿಯನ್ನೇ ನೋಡುತ್ತಾ ಕೂತ. ಗಿಂಡಿಯ ಮೂತಿ ಬಾಗಿತು. ಅವನು ಒತ್ತಿದ. ಕ್ಯಾಮರಾ ಮೂಗು ಹೊರಗೆ ಚಾಚಿತು, ಫ್ಲಾಶು ಬೆಳಗಿತು, ಮೂಗು ಚಾಚಿದ ಹಾಗೆಯೇ ಸತ್ತಿತು.

ಫೋಟೋ ಬಿತ್ತೋ ಇಲ್ಲವೋ ನೋಡುವುದಕ್ಕೂ ಕರೆಂಟಿರಲಿಲ್ಲ. ಊಟಕ್ಕೆ ಕೂತ ಭೋಜರಾಜ ಪಾಯಸಕ್ಕೆ ಉಪ್ಪು ಕೇಳಿದನಂತೆ. ರತ್ನಾಕರ ಹೇಗೆ ಬಂತು ಎಂದು ಕೇಳಿದಾಗ, ಈ ಭೂಮಿಯ ಮೇಲೆ ಇಂಥ ಧಾರೆ ಫೋಟೋ ಇನ್ನೊಂದಿಲ್ಲ ಎಂದ. ಆ ಹೊತ್ತಿಗೆ ಅದು ಇತ್ತು ಎಂಬ ಭರವಸೆಯೂ ಅವನಿಗಿರಲಿಲ್ಲ.

ಸ್ಟುಡಿಯೋಕ್ಕೆ ಬಂದದ್ದೇ ಗಂಡ ಹೆಂಡತಿ ಕ್ಯಾಮರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಜಡೆಯ ಹೂ ಬಂತು. ಕಾಲಿನ ನೀರು ಬಂತು. ಕೊನೆಯದಾಗಿ ಅದು ಬಂತು. ಮಂಜಯ್ಯ ಶೆಟ್ಟರ ಎರಡು ಕೈ, ಗಿಂಡಿ, ಮದುಮಕ್ಕಳ ಬೊಗಸೆ, ನಡುವೆ ಗಾಳಿಯಲ್ಲಿ ನಿಂತ ನೂಲಿನಂಥ ಒಂದೆಳೆ ನೀರು. ಹಿಂದೆ ಕಂಬದಲ್ಲಿ ಹನ್ನೆರಡು ನಾಲ್ಕು ತೋರಿಸುವ ಗಡಿಯಾರ.

ಮದುವೆಯಾಗಿ ವಾರಕ್ಕೆ ಹಾಲಾಡಿಯಿಂದ ಫೋನು ಬಂತು. ಗಡಿಯಾರ ನಿಂತಿದೆ, ಅಲಾರಂ ಹೊಡೆಯುವುದಿಲ್ಲ, ಟಿವಿಯಲ್ಲಿ ಒಂದೇ ಚಾನೆಲ್ಲು, ಸೆಲ್ಲು ತೆಗೆದುಕೊಂಡು ಬಾ ಅಳಿಯ ಎಂದರು ಮಂಜಯ್ಯ ಶೆಟ್ಟರು. ಇನ್ನೊಂದು ಸುದ್ದಿಯನ್ನೂ ಹೇಳಿದರು. ಲಗ್ನ ಮೀರಿ ಧಾರೆಯಾಯಿತು ಎಂದು ಗಂಡಿನ ಕಡೆಯ ಒಬ್ಬರು ಕೈಗಡಿಯಾರ ತೋರಿಸಿ ತಕರಾರು ತೆಗೆದಿದ್ದಾರೆ. ಭೋಜರಾಜ ಗಡಿಯಾರ ಸ್ಪಷ್ಟ ಕಾಣುವಂತೆ ಫೋಟೋವನ್ನು ದೊಡ್ಡದು ಮಾಡಿಸಿ ಒಯ್ದ. ತಕರಾರು ಅಲ್ಲಿಗೇ ಸತ್ತಿತು. ಭಟ್ಟರು ತಮಗೂ ಒಂದು ಪ್ರತಿ ಬೇಕೆಂದರು.

ಮಂಜಯ್ಯ ಶೆಟ್ಟರು ಕನ್ನಡಕ ಹಾಕಿ ಬಹಳ ಹೊತ್ತು ನೋಡಿ, ಕಂಬದ ಬದಿಯಿಂದ ಚಾಚಿ ಗಡಿಯಾರವನ್ನು ಒತ್ತಿ ಹಿಡಿದ ಬಳೆಯ ಕೈಯೊಂದರ ಮೇಲೆ ಬೆರಳಿಟ್ಟರು.

“ಈ ಕೈ ಯಾರ್ದ್?”

“ನಂದೇ, ಅಪ್ಪಯ್ಯ,” ಎಂದಳು ಗಿರಿಜಾ.

ಅವರು ತಲೆಯಾಡಿಸಿ ಫೋಟೋವನ್ನು ಚಾವಡಿಯಲ್ಲಿ ತೂಗಿಸಿದರು.

ಒಂದು ಚಾರ್ಜರು ಕೆರಾಡಿಯ ಮನೆಗೆ ಹೋಯಿತು. ಅಲ್ಲಿ ಅದು ಹೊಸ ಸೆಲ್ಲು ಹೊತ್ತುಕೊಂಡು ಗೋಡೆಯಲ್ಲೇ ಇದೆ, ಯಾರಿಗೂ ಏನೂ ಕೆಟ್ಟದ್ದಾಗಿಲ್ಲ. ಇನ್ನೊಂದು ತೆಕ್ಕಟ್ಟೆಯಲ್ಲೇ ಉಳಿಯಿತು. ಸೆಲ್ಲು ಕೆಟ್ಟದ್ದು ಚಾರ್ಜರಿನಿಂದಲ್ಲ, ಒಂದು ಬೆಳಿಗ್ಗೆ ತೆಗೆದಿಟ್ಟದ್ದರಿಂದ ಎಂದು ಭೋಜರಾಜ ರತ್ನಾಕರನ ಜೊತೆ ಇವತ್ತಿಗೂ ವಾದಿಸುತ್ತಾನೆ. ಆದರೆ ಸ್ಟುಡಿಯೋ ಬಾಗಿಲು ಹಾಕುವ ಮೊದಲು ಪ್ಲಗ್ಗನ್ನು ತಾನೇ ಕಿತ್ತು, ಒಳಗಿದ್ದ ಗಿರಿಜಾಳಿಗೆ ಕೇಳುವಂತೆ ಹೇಳುತ್ತಾನೆ:

“ತೆಗ್ದಿದ್ದೆ, ಕಂಡ್ಯಾ. ತಿರ್ಗಿ ಹಾಕ್‌ಬ್ಯಾಡ.”